ಗಲ್ಲಾದ ಕಂಪ್ಯೂಟರಿಗೆ ‘ಅಪ್‌ಡೇಟ್’ ಮಾಡಲು ಬರುವ ಕಳ್ಳರು

ಕಳೆದ ಬಾರಿ ಸಮಿತಿಯ ಸಭೆ ಮುಗಿದು ಎಲ್ಲರೂ ಕಾಫಿಗೆ ಎದ್ದಾಗ ನಮ್ಮ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಬದಿಗೆ ಕರೆದು ಒಂದು ಸಂಗತಿ ಹೇಳಿದರು. ಹೇಳಿ ಮುಗಿಸಿದ ಮೇಲೆ, “ನನ್ನ ಹೆಸರು ಬೇಡ, ಹೋಟೆಲಿನ ಹೆಸರೂ ಬೇಡ. ಆದರೆ ವಿಷಯ ಪತ್ರಿಕೆಯಲ್ಲಿ ಹಾಕಿ ಮಾರಾಯ್ರೇ, ನಮ್ಮವರು ನಾಲ್ಕು ಮಂದಿಗಾದರೂ ಉಪಯೋಗವಾಗಲಿ” ಎಂದರು. ಅವರ ಅಪ್ಪಣೆಯಂತೆ ಇಲ್ಲಿ ಬರೆಯುತ್ತಿದ್ದೇವೆ.

ಅವರದು ಮುಂಬಯಿಯ ಪಶ್ಚಿಮ ಉಪನಗರದಲ್ಲಿ ಸ್ಟೇಷನ್ನಿಗೆ ಹತ್ತಿರವಿರುವ ಹೋಟೆಲು. ಅಪ್ಪನ ಕಾಲದಿಂದ ನಡೆದು ಬಂದದ್ದು. ನಡೆದದ್ದು 2025ರ ನವರಾತ್ರಿಯ ಮೊದಲ ಶನಿವಾರ, ಸೆಪ್ಟೆಂಬರ್ 27ರ ರಾತ್ರಿ ಸುಮಾರು ಎಂಟೂವರೆಗೆ. ಶನಿವಾರ ರಾತ್ರಿಯ ಎಂಟೂವರೆ ಎಂದರೆ ಏನೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಹೊರಗೆ ಬಾಗಿಲಲ್ಲಿ ಜನ ಕಾಯುತ್ತಿದ್ದಾರೆ, ಒಳಗೆ ದೋಸೆ ಕಾವಲಿಯ ಹತ್ತಿರ ಕೆಓಟಿ ಚೀಟಿಗಳು ಸಾಲುಗಟ್ಟಿವೆ, ಪಾರ್ಸೆಲ್ ಹುಡುಗರು ಬೈಕು ನಿಲ್ಲಿಸಿ ಕೂಗುತ್ತಿದ್ದಾರೆ. ಗಲ್ಲಾದಲ್ಲಿ ಕುಳಿತವನು ಕುಂದಾಪುರ ಕಡೆಯ 22 ವರ್ಷದ ಹುಡುಗ. ಮಾಲಕರು ಊರಿನಿಂದ ಬಂದ ನೆಂಟರ ಜೊತೆ ಮನೆಯಲ್ಲಿ.

ಅದೇ ವಾರದ ಸೋಮವಾರ, ಸೆಪ್ಟೆಂಬರ್ 22ರಂದು, ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದಿದ್ದವು. ನಾವು ಬಡಿಸುವ ಊಟ ತಿಂಡಿಗೆ 5 ಶೇಕಡಾ ಇದ್ದದ್ದು ಹಾಗೆಯೇ ಉಳಿಯಿತು. ಆದರೆ ಗಲ್ಲಾದ ಬದಿಯಲ್ಲಿ ಮಾರುವ ನೀರಿನ ಬಾಟಲಿ 18ರಿಂದ 5ಕ್ಕೆ, ಪ್ಯಾಕೆಟ್ಟಿನ ಖಾರಾ ತಿಂಡಿ 12ರಿಂದ 5ಕ್ಕೆ ಇಳಿಯಿತು. ಹೀಗೆ ಅಲ್ಲೊಂದು ಇಲ್ಲೊಂದು ಬದಲಾವಣೆ. ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬೇಕು ಎಂಬ ಗೊಂದಲ ಎಲ್ಲ ಹೋಟೆಲುಗಳಲ್ಲೂ ಇತ್ತು. ಬಿಲ್ಲಿಂಗ್ ಸಾಫ್ಟ್‌ವೇರಿನವರು ನಿಜವಾಗಿಯೂ ಆ ವಾರ ಫೋನು ಮಾಡುತ್ತಿದ್ದರು. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು?

ಫೋನು ಬಂತು. ಆ ಕಡೆಯವನು ಶುದ್ಧ ಹಿಂದಿಯಲ್ಲಿ, ಮಾತಿಗೊಮ್ಮೆ ‘ಸರ್’ ಸೇರಿಸಿ ಮಾತಾಡಿದ. ದಿನವಿಡೀ “ಏ, ಬಿಲ್ ಕೊಡು” ಎಂದು ಕೇಳಿಸಿಕೊಳ್ಳುವ ಹುಡುಗನಿಗೆ ಆ ‘ಸರ್’ ಎಷ್ಟು ಹಿತವಾಗಿದ್ದೀತು ಎಂದು ಯೋಚಿಸಿ ನೋಡಿ. ನಾವು ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪೆನಿಯವರು, ನಿಮ್ಮ ಹೋಟೆಲಿನಲ್ಲಿ ಮಾತ್ರ ಹೊಸ ಜಿಎಸ್‌ಟಿಯ ಅಪ್‌ಡೇಟ್ ಬಾಕಿ ಉಳಿದಿದೆ, ಈ ರಾತ್ರಿಯೊಳಗೆ ಮಾಡದಿದ್ದರೆ ನಾಳೆಯಿಂದ ಬಿಲ್ಲು ಬರುವುದಿಲ್ಲ, ಈ ವಾರದ ಬಿಲ್ಲುಗಳಿಗೆಲ್ಲ ದಂಡ ಬೀಳುತ್ತದೆ ಎಂದ. ಹೋಟೆಲಿನ ಹೆಸರು, ಜಿಎಸ್‌ಟಿ ನಂಬರು, ಬಳಸುವ ಸಾಫ್ಟ್‌ವೇರಿನ ಹೆಸರು, ಎಲ್ಲವನ್ನೂ ಸರಿಯಾಗಿ ಹೇಳಿದ. ಇಷ್ಟೆಲ್ಲ ಗೊತ್ತಿರುವವನು ಕಂಪೆನಿಯವನೇ ಇರಬೇಕು ಎಂದು ಹುಡುಗ ನಂಬಿದ.

ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮ ಹೋಟೆಲಿನ ಒಂದು ಬಿಲ್ಲನ್ನು ಈಗ ಕೈಗೆ ತೆಗೆದುಕೊಂಡು ನೋಡಿ. ಮೇಲೆ ಹೋಟೆಲಿನ ಹೆಸರು, ವಿಳಾಸ, ಫೋನು. ಅದರ ಕೆಳಗೆ ಜಿಎಸ್‌ಟಿ ನಂಬರು, ಎಫ್ಎಸ್ಎಸ್ಎಐ ಲೈಸೆನ್ಸ್ ನಂಬರು. ಹಲವರ ಬಿಲ್ಲಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಸಾಫ್ಟ್‌ವೇರ್ ಕಂಪೆನಿಯ ಹೆಸರು. ಗಲ್ಲಾದಲ್ಲಿ ಯಾರು ಕುಳಿತಿದ್ದರು ಎಂಬುದೂ ಕೆಲವು ಬಿಲ್ಲುಗಳಲ್ಲಿರುತ್ತದೆ. ಒಂದು ಕಾಫಿ ಕುಡಿದು ಹೋದವನಿಗೆ ಇಷ್ಟೂ ಸಿಕ್ಕಿತು. ಕಾಫಿಯ ಖರ್ಚೂ ಬೇಡ, ಗಿರಾಕಿಗಳು ಊಟದ ಫೋಟೋದೊಡನೆ ಬಿಲ್ಲಿನ ಫೋಟೋವನ್ನೂ ಇಂಟರ್‌ನೆಟ್ಟಿಗೆ ಹಾಕುತ್ತಾರೆ. ಆದ್ದರಿಂದ ಫೋನು ಮಾಡಿದವನಿಗೆ ನಮ್ಮ ವಿವರ ಗೊತ್ತಿದೆ ಎಂಬುದು ಅವನು ನಮ್ಮವನು ಎಂಬುದಕ್ಕೆ ಸಾಕ್ಷಿಯಾಗದು.

ಮುಂದಿನದು ಬೇಗ ಬೇಗ ನಡೆಯಿತು. ವಾಟ್ಸಾಪಿನಲ್ಲಿ ಒಂದು ಲಿಂಕು ಬಂತು, ಹುಡುಗ ಅದನ್ನು ಕಂಪ್ಯೂಟರಿನಲ್ಲಿ ತೆರೆದ, ಏನೋ ಒಂದು ಇಳಿಯಿತು, ತೆರೆಯ ಮೇಲೆ ಒಂದು ನಂಬರು ಬಂತು, ಅದನ್ನು ಓದಿ ಹೇಳಿದ. ಅದು ದೂರದಲ್ಲಿ ಕುಳಿತು ನಮ್ಮ ಕಂಪ್ಯೂಟರನ್ನು ನಡೆಸುವ ಕೀಲಿಕೈ. “ಸರ್, ಇನ್ನು 20 ನಿಮಿಷ ಸ್ಕ್ರೀನ್ ಕಪ್ಪಾಗಿರುತ್ತದೆ, ಅಪ್‌ಡೇಟ್ ನಡೆಯುತ್ತಿರುತ್ತದೆ, ಮುಟ್ಟಬೇಡಿ” ಎಂದ. ಹುಡುಗ ಕೆಓಟಿ ಚೀಟಿಯ ಹಿಂಭಾಗದಲ್ಲಿ ಕೈಯಿಂದ ಬಿಲ್ಲು ಬರೆಯುತ್ತಾ ಗಿರಾಕಿಗಳನ್ನು ಕಳುಹಿಸಿದ. ನಡುವೆ ಗಲ್ಲಾದ ಮೊಬೈಲಿಗೆ ಆರಂಕಿಯ ನಂಬರು ಮೂರು ಸಲ ಬಂತು. ಅದು ಅಪ್‌ಡೇಟ್ ಕೋಡು ಎಂದು ಆತ ಹೇಳಿದ, ಇವನು ಮೂರು ಸಲವೂ ಓದಿ ಹೇಳಿದ. ಆ ಕಪ್ಪು ತೆರೆಯ ಹಿಂದೆ ಮಾಲಕರ ಬ್ಯಾಂಕ್ ಖಾತೆ ತೆರೆದಿತ್ತು. ಲೆಕ್ಕ ಬರೆಯುವವರಿಗೆ ಅನುಕೂಲವಾಗಲಿ ಎಂದು ಪಾಸ್‌ವರ್ಡನ್ನು ಆ ಕಂಪ್ಯೂಟರಿನಲ್ಲಿಯೇ ಉಳಿಸಿ ಇಟ್ಟಿದ್ದರು. ಹೋದದ್ದು 2,85,000 ರೂಪಾಯಿ. ತಿಂಗಳ ಕೊನೆಯ ಸಂಬಳ, ಹಾಲಿನವನ ಬಾಕಿ, ತರಕಾರಿಯವನ ಬಾಕಿ, ಎಲ್ಲ ಅದರಲ್ಲೇ ಇತ್ತು.

ನಮಗೆ ಹೆಚ್ಚು ಬೇಸರ ತಂದದ್ದು ಇದರ ಮುಂದಿನ ಭಾಗ. ಒಂಬತ್ತೂಕಾಲಿಗೆ ಕಂಪ್ಯೂಟರು ಮೊದಲಿನಂತೆ ಬಿಲ್ಲು ಕೊಡತೊಡಗಿತು. ಆಮೇಲೆ ಹುಡುಗ ಮೊಬೈಲ್ ನೋಡಿದ. ಹಣ ಹೋದ ಮೂರು ಮೆಸೇಜು. ಅವನಿಗೆ ಆಗಲೇ ಅರ್ಥವಾಗಿತ್ತು. ಆದರೆ ಮಾಲಕರಿಗೆ ಫೋನು ಮಾಡಲಿಲ್ಲ. ಹಿಂದಿನ ತಿಂಗಳು ಗಾಜಿನ ಕಪಾಟು ಒಡೆದದ್ದಕ್ಕೆ ಇನ್ನೊಬ್ಬ ಹುಡುಗನಿಗೆ ಗಿರಾಕಿಗಳೆದುರು ಬೈಗುಳ, ಸಂಬಳದಲ್ಲಿ ಕಡಿತ ಎರಡೂ ಆಗಿದ್ದನ್ನು ಅವನು ನೋಡಿದ್ದ. ಸೋಮವಾರ ಸಾಫ್ಟ್‌ವೇರಿನವರನ್ನು ಕೇಳಿ ಸರಿಮಾಡಿಸೋಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ರಾತ್ರಿ ಕಳೆದ. ಭಾನುವಾರ ಸಂಜೆ ಏಳಕ್ಕೆ ಹಾಲಿನವನಿಗೆ ಹಣ ಕಳುಹಿಸಲು ಹೋದಾಗ ಖಾತೆಯಲ್ಲಿ ಹಣವಿಲ್ಲ ಎಂಬುದು ಮಾಲಕರಿಗೆ ತಿಳಿಯಿತು. ಅಷ್ಟರಲ್ಲಿ 22 ಗಂಟೆ ಕಳೆದಿತ್ತು. 1930ಕ್ಕೆ ಫೋನು ಮಾಡಿದರು, ಬ್ಯಾಂಕಿಗೆ ತಿಳಿಸಿದರು. ತಡೆಹಿಡಿಯಲು ಸಿಕ್ಕಿದ್ದು 41,000 ಮಾತ್ರ.

“ಹಣ ಹೋದದ್ದು ಆ ಕಳ್ಳನಿಂದ. ಆ ರಾತ್ರಿಯೇ ಅವನು ನನಗೆ ಹೇಳದಿದ್ದದ್ದು ನನ್ನಿಂದ” ಎಂದರು ಆ ಹಿರಿಯರು. ಈ ಮಾತಿಗಾಗಿಯೇ ನಾವು ಈ ಲೇಖನ ಬರೆಯಲು ಹೊರಟದ್ದು.

ಮೊದಲ ಗಂಟೆಯ ಬೆಲೆ

1930 ಎಂಬುದು ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆಯ ಸಹಾಯವಾಣಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲಿಂದಲೂ ಇದೇ ನಂಬರು. ಹಣ ಯಾವ ಖಾತೆಗೆ ಹೋಯಿತೋ ಆ ಬ್ಯಾಂಕಿಗೆ ಇಲ್ಲಿಂದ ಸೂಚನೆ ಹೋಗಿ, ಅಲ್ಲಿ ಇನ್ನೂ ಉಳಿದಿರುವ ಹಣವನ್ನು ತಡೆಹಿಡಿಯುತ್ತಾರೆ. ಕಳ್ಳರು ಹಣವನ್ನು ಒಂದೇ ಖಾತೆಯಲ್ಲಿ ಇಟ್ಟುಕೊಂಡು ಕೂರುವವರಲ್ಲ. ಅದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿಸಿ, ಕೊನೆಗೆ ಎಟಿಎಂನಿಂದ ತೆಗೆಯುತ್ತಾರೆ. ಆದ್ದರಿಂದ ಮೊದಲ ಗಂಟೆಯಲ್ಲಿ ಸಿಗಬಹುದಾದದ್ದು ಮರುದಿನ ಸಿಗುವುದಿಲ್ಲ. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸೂಚನೆಯಲ್ಲೂ ಇದೇ ತತ್ವವಿತ್ತು. ಗ್ರಾಹಕನೇ ಪಾಸ್‌ವರ್ಡ್, ಓಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು, ತಿಳಿಸಿದ ನಂತರ ಆದ ನಷ್ಟ ಬ್ಯಾಂಕಿನದು.

ಹೀಗಿರುವಾಗ ನಮ್ಮ ಗಲ್ಲಾದಲ್ಲಿ ಕುಳಿತ ಹುಡುಗ ತಪ್ಪು ಮಾಡಿದ ಕೂಡಲೇ ನಮ್ಮಲ್ಲಿಗೆ ಓಡಿ ಬರುತ್ತಾನೆಯೇ, ಅಥವಾ ಅಡಗಿಸಿಡುತ್ತಾನೆಯೇ ಎಂಬುದು ಸಣ್ಣ ಪ್ರಶ್ನೆಯಲ್ಲ. ನಮ್ಮಲ್ಲಿ ಅನೇಕರು ಊರಿನಿಂದ ಬಂದು, ಗ್ಲಾಸು ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಗಲ್ಲಾಕ್ಕೆ ಬಂದವರು. ಅಂದಿನ ಮಾಲಕರ ಹೆದರಿಕೆಯಲ್ಲೇ ಕೆಲಸ ಕಲಿತೆವು ಎಂದು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅಂದು ತಪ್ಪಾದರೆ ಗಲ್ಲಾದಲ್ಲಿ ಹತ್ತು ರೂಪಾಯಿ ಕಡಿಮೆಯಾಗುತ್ತಿತ್ತು, ರಾತ್ರಿ ಲೆಕ್ಕಕ್ಕೆ ಕುಳಿತಾಗ ಗೊತ್ತಾಗುತ್ತಿತ್ತು. ಇಂದು ಹಾಗಲ್ಲ. ಹುಡುಗನ ಹೆದರಿಕೆ ಈಗ ಕಳ್ಳನ ಬಂಡವಾಳವಾಗಿದೆ.

ನಿಜವಾದ ಅಪ್‌ಡೇಟ್ ಹೇಗೆ ಬರುತ್ತದೆ?

ಕೆಲವು ಸದಸ್ಯರು, “ಹಾಗಾದರೆ ಅಪ್‌ಡೇಟೇ ಬೇಡ, ಇದ್ದ ಹಾಗೇ ಇರಲಿ” ಎನ್ನುತ್ತಾರೆ. ಇದೂ ಸರಿಯಲ್ಲ. 2017ರ ಮೇ 12ರಂದು ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಬೀಗ ಹಾಕಿದಂತೆ ಮಾಡಿ ಹಣ ಕೇಳಿದ ವನ್ನಾಕ್ರೈ ಎಂಬುದಕ್ಕೆ ಮದ್ದು ಎರಡು ತಿಂಗಳ ಹಿಂದೆಯೇ, ಮಾರ್ಚಿಯಲ್ಲಿ, ಮೈಕ್ರೋಸಾಫ್ಟಿನಿಂದ ಬಂದಿತ್ತು. ಅದನ್ನು ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಪ್‌ಡೇಟ್ ಬೇಕು. ಅದು ಎಲ್ಲಿಂದ ಬರುತ್ತದೆ ಎಂಬುದಷ್ಟೇ ಪ್ರಶ್ನೆ.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಗ್ಯಾಸಿನ ಪೈಪು ನೋಡಲು ಬಂದಿದ್ದೇವೆ ಎಂದು ಅಡುಗೆಮನೆಗೆ ನುಗ್ಗುವವನನ್ನು ನಾವು ಹೇಗೆ ನೋಡುತ್ತೇವೆ? ನಾವು ಕರೆದದ್ದೋ, ನೀನೇ ಬಂದದ್ದೋ ಎಂದು ಮೊದಲು ಕೇಳುತ್ತೇವೆ. ಕಂಪ್ಯೂಟರಿಗೂ ಅದೇ ಪ್ರಶ್ನೆ ಸಾಕು. ದೂರದಿಂದ ಕಂಪ್ಯೂಟರು ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದವು ಕಳ್ಳ ಸಾಮಾನುಗಳಲ್ಲ. ನಮ್ಮ ಎಎಂಸಿಯವರೂ ಅವನ್ನೇ ಬಳಸಿ ರಿಪೇರಿ ಮಾಡುತ್ತಾರೆ. ಎನಿಡೆಸ್ಕ್ ಹಾಕಿಸಿ ಹಣ ಕದಿಯುವವರ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಸಾಮಾನು ಒಂದೇ, ಯಾರು ಯಾರಿಗೆ ಫೋನು ಮಾಡಿದರು ಎಂಬುದರಲ್ಲಿ ವ್ಯತ್ಯಾಸ. ಎಎಂಸಿ ಬಿಲ್ಲಿನಲ್ಲಿರುವ ನಂಬರಿಗೆ ನಾವು ಫೋನು ಮಾಡಿ ಕರೆದರೆ ಸರಿ. ಅವರಾಗಿ ಬಂದರೆ, “ಇಡಿ, ನಾವೇ ಫೋನು ಮಾಡುತ್ತೇವೆ” ಎಂದು ಇಟ್ಟುಬಿಡಬೇಕು. ನಿಜವಾದ ಕಂಪೆನಿಯವರಿಗೆ ಇದರಿಂದ ಕೋಪ ಬರುವುದಿಲ್ಲ.

ಇನ್ನು ತೆರೆಯ ಮೇಲೆ ತಾನಾಗಿ ಮೂಡುವ ಸೂಚನೆಗಳು. ಮಧ್ಯಾಹ್ನ ಮೂರು ಗಂಟೆಗೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹುಡುಗರು ಗಲ್ಲಾದ ಕಂಪ್ಯೂಟರಿನಲ್ಲಿ ಕ್ರಿಕೆಟ್ ಸ್ಕೋರೋ, ಸಿನಿಮಾವೋ ನೋಡುತ್ತಾರೆ. (ಬೇಡವೆಂದರೆ ನೋಡುವುದಿಲ್ಲವೇ? ನೋಡುತ್ತಾರೆ.) ಆಗ, ನಿಮ್ಮ ಕ್ರೋಮ್ ಹಳೆಯದಾಗಿದೆ, ಇಲ್ಲಿ ಒತ್ತಿ ಅಪ್‌ಡೇಟ್ ಮಾಡಿ ಎಂಬ ಪುಟ ಬರುತ್ತದೆ. ನೋಡಲು ಅಸಲಿಯ ಹಾಗೆಯೇ ಇರುತ್ತದೆ. ಆದರೆ ಕ್ರೋಮ್ ತನ್ನ ಅಪ್‌ಡೇಟನ್ನು ಬೇರೆಯವರ ಪುಟದಲ್ಲಿ ಮಾರುವುದಿಲ್ಲ, ತನ್ನಷ್ಟಕ್ಕೆ ಮಾಡಿಕೊಳ್ಳುತ್ತದೆ. ಸಂಶಯವಿದ್ದರೆ ಬಲಮೂಲೆಯ ಮೂರು ಚುಕ್ಕೆ ಒತ್ತಿ, ‘ಹೆಲ್ಪ್’ನಲ್ಲಿ ‘ಅಬೌಟ್ ಗೂಗಲ್ ಕ್ರೋಮ್’ ನೋಡಿದರಾಯಿತು. ವಿಂಡೋಸಿನದು ಸೆಟ್ಟಿಂಗ್ಸ್‌ನೊಳಗಿನ ‘ವಿಂಡೋಸ್ ಅಪ್‌ಡೇಟ್’ನಲ್ಲಿರುತ್ತದೆ. ಮೊಬೈಲಿನದು ಪ್ಲೇ ಸ್ಟೋರಿನಲ್ಲಿ. ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲು ಯಾವ ಹೆಸರಿನಲ್ಲಿ ಬಂದರೂ ಒತ್ತಬಾರದು. ಮದುವೆ ಆಮಂತ್ರಣದ ಹೆಸರಿನಲ್ಲಿ ಇಂಥ ಫೈಲು ಬರುತ್ತಿದೆ ಎಂದು 2024ರಲ್ಲಿ ಪೊಲೀಸರು ಎಚ್ಚರಿಸಿದ್ದರು. ಕೇಟರಿಂಗಿನವರಿಗೆ ಮದುವೆ ಆಮಂತ್ರಣ ಎಂದರೆ ಆರ್ಡರು ಬಂದಂತೆಯೇ, ಆದ್ದರಿಂದ ಅವರು ಇನ್ನಷ್ಟು ಜಾಗರೂಕರಾಗಿರಬೇಕು.

ಕೆಲವೊಮ್ಮೆ ತೆರೆ ಪೂರ್ತಿ ಕೆಂಪೋ ನೀಲಿಯೋ ಆಗಿ, ಸೈರನ್ ಕೂಗಿ, ಈ ನಂಬರಿಗೆ ಫೋನು ಮಾಡಿ ಎಂದು ಬರುತ್ತದೆ. ತನ್ನ ಎಚ್ಚರಿಕೆಯ ಸೂಚನೆಗಳಲ್ಲಿ ಫೋನ್ ನಂಬರು ಎಂದೂ ಇರುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಕಿಟಕಿ ಮುಚ್ಚಿ. ಹೋಗದಿದ್ದರೆ ಕಂಪ್ಯೂಟರನ್ನೇ ಬಂದ್ ಮಾಡಿ. ಅರ್ಧ ಬಿಲ್ಲು ಹೋದರೆ ಹೋಗಲಿ.

ಲಾಡ್ಜಿಂಗ್ ಇರುವ ಸದಸ್ಯರು ಇನ್ನೊಂದನ್ನು ತಿಳಿದಿರಬೇಕು. 2024ರ ಡಿಸೆಂಬರಿನಿಂದ ಬುಕಿಂಗ್ ಡಾಟ್ ಕಾಮಿನ ಹೆಸರು ಕದ್ದು ಹೋಟೆಲು ಸಿಬ್ಬಂದಿಗೆ ಸುಳ್ಳು ಈಮೇಲು ಕಳುಹಿಸುವ ಗುಂಪೊಂದರ ಬಗ್ಗೆ ಮೈಕ್ರೋಸಾಫ್ಟ್ 2025ರ ಮಾರ್ಚಿಯಲ್ಲಿ ವಿವರ ಪ್ರಕಟಿಸಿತು. ಗುರಿಯಾದ ಪ್ರದೇಶಗಳಲ್ಲಿ ದಕ್ಷಿಣ ಏಷ್ಯಾವೂ ಇತ್ತು. ಗಿರಾಕಿಯ ದೂರು ಬಂದಿದೆ ಎಂದು ಈಮೇಲು ಬರುತ್ತದೆ. ಒತ್ತಿದರೆ, ನೀವು ಮನುಷ್ಯರೆಂದು ತೋರಿಸಿ ಎಂಬ ಪುಟ. ಅಲ್ಲಿ ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಕೊನೆಗೆ ಎಂಟರ್ ಎಂದು ಬರೆದಿರುತ್ತದೆ. ಹಾಗೆ ಒತ್ತಿದರೆ ನಮ್ಮ ಕೈಯಿಂದಲೇ ಕಳ್ಳನ ಆಜ್ಞೆ ಕಂಪ್ಯೂಟರಿನೊಳಗೆ ಹೋಗುತ್ತದೆ. ಸುಳ್ಳು ವಿಂಡೋಸ್ ಅಪ್‌ಡೇಟಿನ ತೆರೆ ತೋರಿಸಿ ಇದೇ ಮೂರು ಕೀಲಿಗಳನ್ನು ಒತ್ತಿಸುವ ಉಪಾಯವೂ ಆಮೇಲೆ ಬಂದಿದೆ. ಅಸಲಿ ಅಪ್‌ಡೇಟ್ ಯಾರಿಂದಲೂ ಹೀಗೆ ಕೀಲಿ ಒತ್ತಿಸುವುದಿಲ್ಲ. ನಿಮ್ಮ ರಿಸೆಪ್ಷನಿನ ಹುಡುಗನಿಗೆ ಇದೊಂದನ್ನು ಇಂದೇ ಹೇಳಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಹೋಟೆಲುಗಳಲ್ಲಿ ಇನ್ನೂ ಅದೇ ಇರುವ ಕಂಪ್ಯೂಟರುಗಳು ಬೇಕಾದಷ್ಟಿವೆ. ಇದನ್ನು ನೆಪ ಮಾಡಿಕೊಂಡು ಫೋನು ಮಾಡುವುದು ಕಳ್ಳರಿಗೆ ಬಹಳ ಸುಲಭ. ಕಂಪ್ಯೂಟರ್ ಬದಲಿಸಬೇಕೋ ಬೇಡವೋ ಎಂದು ನಿಮ್ಮ ನಂಬಿಕೆಯ ಮೆಕ್ಯಾನಿಕ್ಕನ್ನು ಕರೆದು ಕೇಳಿ, ಫೋನಿನಲ್ಲಿ ಸಿಕ್ಕವನನ್ನಲ್ಲ.

ಅಪ್‌ಡೇಟ್ ಮಾಡಲು ನೇರವಾಗಿ ಹೋಟೆಲಿಗೆ ಬರುವವರೂ ಇದ್ದಾರೆ. ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್ ಬಾಕ್ಸ್ ಅಪ್‌ಡೇಟ್ ಮಾಡಬೇಕು ಎಂದು ಗಲ್ಲಾದ ಮೊಬೈಲನ್ನು ಕೈಗೆ ಕೇಳುತ್ತಾರೆ, ಅಥವಾ ಹೊಸ ಕ್ಯೂಆರ್ ಅಂಟಿಸಿ ಹೋಗುತ್ತಾರೆ. ಸಂಜೆಯವರೆಗೆ ನಮ್ಮ ಇಡ್ಲಿ ವಡೆಯ ಹಣ ಇನ್ಯಾರದೋ ಖಾತೆಗೆ. ಮೊಬೈಲು ಯಾರ ಕೈಗೂ ಕೊಡಬಾರದು.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಟ್ಟದ್ದು ಆಗಬಹುದು ಎಂಬುದನ್ನೂ ಮುಚ್ಚಿಡುವುದಿಲ್ಲ. 2017ರ ಜೂನ್ 27ರಂದು ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಸಾಫ್ಟ್‌ವೇರ್ ಒಂದರ ಅಸಲಿ ಅಪ್‌ಡೇಟಿನೊಳಗೇ ಕಳ್ಳರು ವಿಷ ಬೆರೆಸಿದ್ದರು. ಅದು ಹಬ್ಬುತ್ತಾ ಹಬ್ಬುತ್ತಾ ನಮ್ಮ ಮುಂಬಯಿಯ ಬಳಿಯ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್ಲಿನ ಕೆಲಸವನ್ನೂ ನಿಲ್ಲಿಸಿತು. ಇಂಥದ್ದಕ್ಕೆ ಉಪಾಯ ಒಂದೇ, ಲೆಕ್ಕದ ನಕಲು ಬೇರೆ ಇಟ್ಟುಕೊಳ್ಳುವುದು. ವಾರಕ್ಕೊಮ್ಮೆ ಬೇರೆ ಡ್ರೈವಿಗೆ ನಕಲು ಮಾಡಿ, ತೆಗೆದು ಕಪಾಟಿನಲ್ಲಿಡಿ. ಕಂಪ್ಯೂಟರಿಗೇ ಚುಚ್ಚಿಟ್ಟರೆ ಅದೂ ಜೊತೆಗೇ ಹೋಗುತ್ತದೆ.

ಆ ಹೋಟೆಲಿನಲ್ಲಿ ಈಗ

ನಮ್ಮ ಆ ಹಿರಿಯರು ಏನೇನು ಬದಲಿಸಿದರು ಎಂದು ಕೇಳಿದೆವು. ಬ್ಯಾಂಕಿನ ಕೆಲಸ ಗಲ್ಲಾದ ಕಂಪ್ಯೂಟರಿನಿಂದ ಪೂರ್ತಿ ತೆಗೆದಿದ್ದಾರೆ. ಅದಕ್ಕೆ ಮನೆಯಲ್ಲಿ ಬೇರೆ ಲ್ಯಾಪ್‌ಟಾಪ್. ಓಟಿಪಿ ಬರುವ ಸಿಮ್ ಅವರ ಕಿಸೆಯಲ್ಲಿ, ಪಾರ್ಸೆಲ್ ಆರ್ಡರಿನ ಮೊಬೈಲಿನಲ್ಲಿ ಅಲ್ಲ. ದಿನದ ಖರ್ಚಿಗೆ ಬೇಕಾದಷ್ಟು ಮಾತ್ರ ಒಂದು ಖಾತೆಯಲ್ಲಿ, ಉಳಿದದ್ದು ಬೇರೆ ಕಡೆ. ಯಾವ ಅಪ್‌ಡೇಟ್ ಇದ್ದರೂ ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ, ಅದೂ ಎಎಂಸಿಯ ಹುಡುಗ ಎದುರು ಕುಳಿತಿದ್ದರೆ ಮಾತ್ರ. ಗಲ್ಲಾದ ಕೆಳಗೆ ಕಾರ್ಬನ್ ಹಾಕಿದ ಎರಡು ಬಿಲ್ ಪುಸ್ತಕ ಸದಾ ಇರುತ್ತವೆ. ನಮಗೆ ಬಹಳ ಮೆಚ್ಚುಗೆಯಾದದ್ದು ಈ ಬಿಲ್ ಪುಸ್ತಕ. ನಾಳೆಯಿಂದ ಬಿಲ್ಲು ಬರುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ, ಬರದಿದ್ದರೆ ಬೇಡ ಎನ್ನುವ ಧೈರ್ಯ ಹುಡುಗನಿಗೆ ಇದರಿಂದ ಬರುತ್ತದೆ.

ಹುಡುಗನನ್ನು ಏನು ಮಾಡಿದಿರಿ ಎಂದೂ ಕೇಳಿದೆವು. ಮೊದಲ ದಿನ ಸಿಟ್ಟು ಬಂದದ್ದು ನಿಜ, ಊರಿಗೆ ಕಳುಹಿಸಿಬಿಡುವ ಯೋಚನೆಯೂ ಬಂದಿತ್ತಂತೆ. ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಕೆ ಕೊಡುವಾಗ ಅವನು ಒಂದನ್ನೂ ಮುಚ್ಚಿಡದೆ ಹೇಳಿದ್ದನ್ನು ಕೇಳಿದ ಮೇಲೆ ಮನಸ್ಸು ಬದಲಾಯಿತು. ಸಂಬಳದಲ್ಲಿ ಒಂದು ರೂಪಾಯಿಯೂ ಹಿಡಿಯಲಿಲ್ಲ. ಗಾಜಿನ ಕಪಾಟಿಗೆಂದು ಇನ್ನೊಬ್ಬ ಹುಡುಗನಿಂದ ಹಿಡಿದದ್ದನ್ನೂ ದೀಪಾವಳಿಗೆ ವಾಪಸು ಕೊಟ್ಟರು. ಎಲ್ಲ ಕೆಲಸದವರನ್ನು ಕೂರಿಸಿ, “ಏನು ತಪ್ಪಾದರೂ ಅರ್ಧ ರಾತ್ರಿಯಾದರೂ ನನಗೆ ಫೋನು ಮಾಡಿ, ಕೂಡಲೇ ಹೇಳಿದವನಿಗೆ ನಾನು ಬೈಯುವುದಿಲ್ಲ” ಎಂದು ದೇವರ ಫೋಟೋದ ಎದುರೇ ಹೇಳಿದರಂತೆ.

ಇದನ್ನು ಬರೆಯುವ ಮೊದಲು ನಾವು ಒಮ್ಮೆ ಆ ಹೋಟೆಲಿಗೆ ಹೋಗಿದ್ದೆವು. ಅದೇ ಹುಡುಗ ಗಲ್ಲಾದಲ್ಲಿದ್ದ. ಎದುರಿನ ಗೋಡೆಯಲ್ಲಿ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಮೂರು ನಂಬರು ಬರೆದು ಅಂಟಿಸಿತ್ತು: ಅಣ್ಣ, ಎಎಂಸಿ, 1930. ನಾವು ಕಾಫಿ ಮುಗಿಸಿ ಎದ್ದಾಗ ಅವನು ಫೋನಿನಲ್ಲಿದ್ದ. “ನಂಬರ್ ನಮ್ಮ ಹತ್ತಿರ ಇದೆ, ನಾವೇ ಮಾಡ್ತೇವೆ” ಎಂದು ಹಿಂದಿಯಲ್ಲಿ ಹೇಳಿ ಇಟ್ಟ. ಯಾರು ಎಂದು ನಾವು ಕೇಳಿದೆವು. “ಸಾಫ್ಟ್‌ವೇರಿನವರಂತೆ. ಈ ಸಲ ನಿಜವಾದವರೇ ಇರಬಹುದು ಅಣ್ಣ, ಮೂರು ಗಂಟೆಗೆ ಕೇಳ್ತೇನೆ” ಎಂದು ನಮ್ಮ ಬಿಲ್ಲು ಹರಿದು ಕೊಟ್ಟ.